ಸರ್ಜಾ ಹುಲ್ಲು ಬಿಟ್ಟದ್ದು

ವಾಗದರಿಯ ಧರೆಪ್ಪನ ಮನೆಯ ಮುಂದೆ ಹೊಸಬರು ಯಾರಾದರೂ ಹಾದು ಹೋದರೆ ಒಂದು ಗಳಿಗೆ ನಿಂತೇ ನಿಲ್ಲುತ್ತಿದ್ದರು. ಒಳಗಿನಿಂದ ಬೈಗುಳ ಕೇಳುತ್ತಿತ್ತು.

"ಏ ಧರ್ಯಾ! ಗ್ಯಾನಗೇಡಿ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ಹಗ್ಗ ಎಲ್ಲಿ ಇಟ್ಟೀನಿ ಅನ್ನೂದು ನೆನಪಿಲ್ಲ, ಕೂಳ ಉಣ್ಣೂದು ಮಾತ್ರ ನೆನಪದ!"

ಹೊಸಬರು ಎದುರು ಮನೆಯವರನ್ನು, "ಪಾಪ, ಯಾರ್ರಿ ಆ ಧರ್ಯಾ? ಆಳಮಗನೇನು?" ಎಂದು ಕೇಳುತ್ತಿದ್ದರು.

"ಆಳಲ್ಲರಿ, ಮಾಲಕ."

"ಮತ್ತ ಬೈಯಾಂವ ಯಾರು?"

"ಅವನೂ ಮಾಲಕನ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಧರೆಪ್ಪ ಊರಿನಲ್ಲಿ ಯಾರೊಂದಿಗೂ ಜಗಳ ಆಡಿದವನಲ್ಲ. ಬದುವಿನ ಕಲ್ಲು ಗೇಣುದ್ದ ತನ್ನ ಕಡೆಗೆ ಸರಿದು ಬಂದರೂ "ಹೋಗ್ಲಿ ಬಿಡ್ರಿ" ಎನ್ನುವ ಮನುಷ್ಯ. ಹಾಗಾಗಿ ಜಗಳಕ್ಕೆ ಅವನ ಪಾಲಿಗೆ ಉಳಿದವನು ಅವನೊಬ್ಬನೇ. ಇದು ತಂದೆಯಿಂದ ಬಂದ ಆಸ್ತಿ. ಆ ಮುದುಕ ಬದುಕಿರುವ ತನಕ ಮಗನನ್ನು ಬೈಯದೆ ಬೆಳಗಿನ ಬಾಯಿ ಮುಕ್ಕಳಿಸಿದವನಲ್ಲ. ಅವನು ತೀರಿಕೊಂಡಾಗ ಹೊಲ, ಮನೆ, ಬೈಗುಳ ಮೂರೂ ಮಗನಿಗೆ ಬಂದವು. ದಿನಕರ್ಮ ಮುಗಿದ ಮಾರನೆಯ ದಿನ ಧರೆಪ್ಪ ನೀರಿನ ಕೊಡ ಎಡವಿ ಕೆಡವಿದ. ರೂಢಿಯಂತೆ ತಲೆ ತಗ್ಗಿಸಿ ನಿಂತ. ಯಾರೂ ಬೈಯಲಿಲ್ಲ. ಮನೆಯೆಲ್ಲ ಬಣಬಣ ಎನ್ನಿಸಿತು. ಕೊನೆಗೆ ತಾನೇ ತನ್ನನ್ನು ಬೈದುಕೊಂಡ, ಜೀವಕ್ಕೆ ಒಂದಿಷ್ಟು ಸಮಾಧಾನವಾಯಿತು. ಅಂದು ಹಿಡಿದದ್ದನ್ನು ಮತ್ತೆ ಬಿಡಲಿಲ್ಲ.

ಅವನು ಮಾಡುತ್ತಿದ್ದ ತಪ್ಪುಗಳಾದರೂ ಎಂಥವು? ನೊಗದ ಗೂಟ ಮುರಿಯುವುದು, ಬಾರುಕೋಲು ಮರೆತು ಬರುವುದು, ಇಂಥವೇ. ಗೂಟ ಕೆತ್ತುವುದಕ್ಕೆ ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಸಾಕು. ಧರೆಪ್ಪ ಬೇವಿನ ಮರದ ಕೆಳಗೆ ಕುಳಿತು, ಹೊತ್ತು ನೆತ್ತಿಗೇರುವ ತನಕ ತನ್ನ ವಂಶವನ್ನೆಲ್ಲ ಜಾಲಾಡಿ, ಗಂಟಲು ಒಣಗಿದ ಮೇಲೆ ನೀರು ಕುಡಿದು, ಆಮೇಲೆ ಗೂಟಕ್ಕೆ ಕೈ ಹಚ್ಚುತ್ತಿದ್ದ. ಪಕ್ಕದ ಹೊಲದ ಶಾಂತಲಿಂಗಪ್ಪನಿಗೆ ಇದು ಬಿಟ್ಟಿ ನಾಟಕ. ಕೆಲಸ ನಿಲ್ಲಿಸಿ ಬದುವಿನ ಮೇಲೆ ಬಂದು ಕೂಡುತ್ತಿದ್ದ. "ಬೈಕೋ ಧರೆಪ್ಪಾ, ಬೈಕೋ. ಬೈದು ಹೇಳೋರು ಬದುಕಾಕ ಹೇಳ್ತಾರ, ನಕ್ಕು ಹೇಳೋರು ಕೆಡಾಕ ಹೇಳ್ತಾರ" ಎಂದು ಒಗ್ಗರಣೆಯನ್ನೂ ಹಾಕುತ್ತಿದ್ದ.

ಧರೆಪ್ಪನ ಹೆಂಡತಿ ಅಕ್ಕನಾಗಮ್ಮ ಮಾತು ಕಡಿಮೆಯ ಹೆಣ್ಣುಮಗಳು. ಆ ಕಾಲದಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರುವಂತಿರಲಿಲ್ಲ. ಅವಳಿಗೆ ತರುವ ಗರಜೂ ಬೀಳಲಿಲ್ಲ, ಗಂಡನೇ ತನ್ನ ಹೆಸರು ಹಿಡಿದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅವಳ ಊಟ ಮಾತ್ರ ಗುಬ್ಬಿಯ ಊಟ. ಒಂದು ರೊಟ್ಟಿ ಮುರಿದು ಅರ್ಧ ತಿಂದು, ಉಳಿದರ್ಧ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ತವರಿನವರು ಬಂದಾಗ, "ಲಗ್ನಕ್ಕ ಮೊದ್ಲ ನಮ್ಮ ಹುಡುಗಿ ಮೂರು ರೊಟ್ಟಿ ತಿಂತಿದ್ಳು" ಎಂದರೆ ವಾಗದರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅಕ್ಕಲಕೋಟೆಯ ವೈದ್ಯರ ಚೂರ್ಣವೂ ಆಗಿತ್ತು. ಚೂರ್ಣ ಖಾಲಿಯಾಯಿತು, ರೊಟ್ಟಿ ಖಾಲಿಯಾಗಲಿಲ್ಲ.

ಎತ್ತುಗಳ ಮುಂದೆ ಮಾತ್ರ ಧರೆಪ್ಪ ಬೇರೆಯೇ ಮನುಷ್ಯ. ಅವನ ಬಾರುಕೋಲು ಇದ್ದದ್ದು ನೊಣ ಓಡಿಸುವುದಕ್ಕೆ. ಎತ್ತು ಎಡವಿದರೆ ಬಂಡಿಯಿಂದ ಇಳಿದು, ಅದರ ಕೊರಳ ಕೆಳಗಿನ ಗಂಗೆದೊಗಲು ಸವರಿ, "ಹೋಗ್ಲಿ ಬಿಡು ಮಗನ. ಕಲ್ಲ ಇತ್ತು, ನಿನಗ ಕಂಡಿಲ್ಲ. ಎಡವದಾಂವ ಯಾರ್ ಅದಾನ? ನೀರ ಕುಡಿ, ಮತ್ತ ನಡಿಯೋಣ" ಎನ್ನುತ್ತಿದ್ದ. ಅದೇ ಕಲ್ಲನ್ನು ತಾನು ಎಡವಿದರೆ ಕಥೆಯೇ ಬೇರೆ.

ಸಾವಿರದ ಒಂಬೈನೂರ ಇಪ್ಪತ್ತೆಂಟರ ಸುಮಾರು ಅವನ ಜೋಡಿಯಲ್ಲಿ ಒಂದು ಎತ್ತು ಮುಪ್ಪಿನಿಂದ ಸತ್ತಿತು. ಉಳಿದದ್ದು ಮೋತ್ಯಾ. ಅದು ಆ ಮನೆಯಲ್ಲೇ ಹುಟ್ಟಿದ್ದು, ಯಜಮಾನನ ಬೈಗುಳ ಅದಕ್ಕೆ ಗಾಳಿ ಮಳೆ ಇದ್ದ ಹಾಗೆ. ಅದೂ ಅಲ್ಲದೆ ಅದಕ್ಕೆ ಕಿವಿ ಮಂದ. ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಒಂದು ಎತ್ತಿನಿಂದ ಕೂರಿಗೆ ನಡೆಯುವುದಿಲ್ಲ. ಧರೆಪ್ಪ ರೊಟ್ಟಿ ಗಂಟು ಕಟ್ಟಿಕೊಂಡು ಸೊಲ್ಲಾಪುರದ ದನದ ಸಂತೆಗೆ ಹೋದ.

ಅಲ್ಲಿ ಮಂಗಳವೇಢೆ ಕಡೆಯ ಮುದುಕನೊಬ್ಬನ ಹತ್ತಿರ ಒಂದು ಬಿಳಿಯ ಖಿಲಾರಿ ಎತ್ತು ಇತ್ತು. ಹೆಸರು ಸರ್ಜಾ. ಕೊಂಬು ಹಿಡಿದು ನಿಲ್ಲಿಸಿ ಚಿತ್ರ ಬರೆಸಬೇಕು, ಅಂಥದ್ದು. ಮುದುಕ ಹಗ್ಗ ಕೈಗೆ ಕೊಡುವಾಗ ಕಣ್ಣೀರು ಒರೆಸಿಕೊಂಡು, "ಫಾರ ಮಾಯಾಳೂ ಆಹೇ, ಜಪಾ" ಎಂದ. ಬಹಳ ಮಾಯೆಯ ಪ್ರಾಣಿ, ಜೋಪಾನ ಎಂದು. ಧರೆಪ್ಪ ತನ್ನ ಕಣ್ಣನ್ನೂ ಒರೆಸಿಕೊಂಡ.

ಎತ್ತು ಕೊಂಡ ಖುಷಿಗೆ, ಅದನ್ನು ಸಂತೆಯಲ್ಲೇ ಕಟ್ಟಿ ಪೇಟೆಗೆ ಹೋಗಿ, ಹೆಂಡತಿಗೆಂದು ಕಂದೀಲಿನ ಗಾಜು ಒಂದನ್ನು ಕೊಂಡ. ಬಟ್ಟೆ ಗಿರಣಿಯ ಭೋಂಗಾ ಆಗಷ್ಟೇ ಕೂಗಿ ಪಾಳಿ ಬಿಟ್ಟಿತ್ತು, ಬೀದಿಯ ತುಂಬ ಜನ. ಆ ನೂಕುನುಗ್ಗಲಲ್ಲಿ ಗಾಜು ಕೈಜಾರಿ ಚೂರುಚೂರಾಯಿತು. ಧರೆಪ್ಪ ನಡುಬೀದಿಯಲ್ಲಿ ನಿಂತು, "ಏ ಧರ್ಯಾ! ಖೋಡಿ! ನಿನ್ನ ಹೆಣಾ ಎತ್ತಲಿ!" ಎಂದು ಶುರು ಮಾಡಿದ. ಗಿರಣಿಯಿಂದ ಬರುತ್ತಿದ್ದವರಲ್ಲಿ ಮೈತುಂಬ ಹತ್ತಿ ಅಂಟಿದ ಜಟ್ಟಿಯಂಥವನೊಬ್ಬ ತೋಳು ಮಡಚುತ್ತ ನುಗ್ಗಿ ಬಂದ. "ಯಾರಲೇ ನನಗ ಬೈಯಾಂವ?" ಅವನ ಹೆಸರೂ ಧರೆಪ್ಪ. ಬೈದದ್ದು ನಿನಗಲ್ಲಪ್ಪ, ನನಗೆ ನಾನೇ ಎಂದು ಇವನು ಕೈಮುಗಿದು ಹೇಳಿ, ಚಹಾ ಕುಡಿಸಿ, ಬಿಡಿಸಿಕೊಳ್ಳುವ ಹೊತ್ತಿಗೆ ಸಾಕುಬೇಕಾಯಿತು. ಗಿರಣಿ ಧರೆಪ್ಪ ಚಹಾದ ಬಸಿ ಇಡುತ್ತ, "ಬೈಗಳ ನಿಂದ ಇರಬಹುದು ಮಾರಾಯಾ, ಖರೆ ಬಂದು ಬಡದದ್ದು ನನಗ" ಎಂದು ಹೋದ. ಅದು ಬಲು ದೊಡ್ಡ ಮಾತು. ನಮ್ಮ ಧರೆಪ್ಪನ ತಲೆಗೆ ಹೋಗಲಿಲ್ಲ.

ಹಾದಿಯಲ್ಲಿ ಕುಂಭಾರಿ ಎಂಬ ಊರಿನ ತನಕ ಸರ್ಜಾ ಮದುವಣಿಗನ ಹಾಗೆ ನಡೆಯಿತು. ಅಲ್ಲಿಂದ ಸ್ವಲ್ಪ ಮುಂದೆ ಬಂದಾಗ ಧರೆಪ್ಪನಿಗೆ ಕಂಬಳಿಯನ್ನು ಆ ಊರಿನ ಬಾವಿಕಟ್ಟೆಯ ಮೇಲೆ ಮರೆತದ್ದು ನೆನಪಾಯಿತು. ಶುರುವಾಯಿತು ಪೂಜೆ. ಸರ್ಜಾ ಗಕ್ಕನೆ ನಿಂತಿತು. ಕಿವಿ ಹಿಂದಕ್ಕೆ ಮಡಚಿ, ತಲೆ ನೆಲಕ್ಕೆ ಹಚ್ಚಿ, ಕಣ್ಣು ಮುಚ್ಚಿತು. ಎಳೆದರೂ ಬರಲಿಲ್ಲ. ಹೊಸ ಹಾದಿಗೆ ಬೆದರಿದೆ ಎಂದುಕೊಂಡ ಧರೆಪ್ಪ.

ಮನೆಗೆ ಬಂದ ಮೇಲೆ ಸರ್ಜಾ ಹುಲ್ಲು ಬಿಟ್ಟಿತು.

ನಮ್ಮ ಕಡೆಯ ಮನೆಗಳಲ್ಲಿ ದನಗಳು ಬೇರೆಯಾಗಿ ಇರುವುದಿಲ್ಲ. ದೊಡ್ಡ ಬಾಗಿಲು ದಾಟಿದರೆ ಕೆಳಗೆ ದನಗಳ ಜಾಗ, ಅಲ್ಲೇ ಮೇಲೆ ಕಟ್ಟೆಯ ಮೇಲೆ ಮನುಷ್ಯರ ಜಾಗ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತದೆ. ಮೋತ್ಯಾ ಜೋಳದ ಕಣಿಕೆಯನ್ನು ಕರಕರ ಅಗಿಯುತ್ತಿದ್ದರೆ ಪಕ್ಕದಲ್ಲಿ ಸರ್ಜಾ ಒಂದು ಕಡ್ಡಿ ಮೂಸಿ ಮುಖ ತಿರುಗಿಸುತ್ತಿತ್ತು. ದಿನದಿಂದ ದಿನಕ್ಕೆ ಪಕ್ಕೆಲುಬು ಕಾಣತೊಡಗಿತು. ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ಕರಜಗಿಯಿಂದ ದನದ ಮದ್ದು ಬಲ್ಲ ಭೀಮಶಾನನ್ನು ಕರೆಸಿದರು. ಅವನು ಬಾಯಿ ಬಿಡಿಸಿ ನೋಡಿದ, ಹೊಟ್ಟೆಗೆ ಕಿವಿ ಹಚ್ಚಿದ, ನಾಲಿಗೆಗೆ ಉಪ್ಪು ಅರಿಸಿನ ತಿಕ್ಕಿದ.

"ನಾಲಿಗಿ ಚಲೋ ಅದ, ಹೊಟ್ಟಿ ಚಲೋ ಅದ. ಇದರ ಮನಸ್ಸಿಗಿ ಏನೋ ಹತ್ಯಾದ. ಮನಸ್ಸಿನ ಮದ್ದು ನನ್ನ ಚೀಲದಾಗ ಇಲ್ಲ. ಹಿಂಗ ಇದ್ರ ಹಸ್ತದ ಬಿತ್ತಿಗಿ ಇದು ನೊಗ ಹೊರಾಂಗಿಲ್ಲ ನೋಡು. ಸಂತಿಗಿ ಹೊಡದು ಬಿಡು, ಸಾಯೂಕಿಂತ ಮೊದ್ಲ."

ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ, ಧರೆಪ್ಪನಿಗೆ ಆ ಚಿಂತೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಕಣ್ಣೀರಿಟ್ಟು ಹಗ್ಗ ಕೊಟ್ಟ ಆ ಮುದುಕನ ಮುಖ ಕಣ್ಣ ಮುಂದೆ ಬಂತು. ದುಃಖ ಬಂದಾಗ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. "ಆರಿಸಿ ತಂದಾಂವ ನೀನ, ಕಣ್ಣಿಲ್ಲದ ಅಡ್ನಾಡಿ! ಮೂಕ ಪ್ರಾಣಿ ಕೊಲ್ಲಾಕತ್ತೀಯಲ್ಲೋ ಪಾಪಿ!" ಎಂದು ಹಣೆ ಹಣೆ ಬಡಿದುಕೊಂಡ. ಸರ್ಜಾ ಅಂದು ನೀರನ್ನೂ ಮುಟ್ಟಲಿಲ್ಲ.

ಮರುದಿನ ಧರೆಪ್ಪ ಕೂರಿಗೆಯ ಕಬ್ಬಿಣದ ಕುಡಗಳನ್ನು ಕಮ್ಮಾರನ ಹತ್ತಿರ ಹಣಿಸಿಕೊಂಡು ಬರಲು ಅಕ್ಕಲಕೋಟೆಗೆ ಹೋದ. ಮನೆಯಲ್ಲಿ ಅಕ್ಕನಾಗಮ್ಮ ಒಬ್ಬಳೇ. ರೊಟ್ಟಿ ಬಡಿಯುತ್ತ ಕೂತವಳಿಗೆ ಕರಕರ ಸದ್ದು ಒಂದರ ಬದಲು ಎರಡು ಕೇಳಿಸಿತು. ತಿರುಗಿ ನೋಡಿದರೆ ಸರ್ಜಾ ಕಣಿಕೆಗೆ ಬಾಯಿ ಹಾಕಿತ್ತು. ಹೊತ್ತು ಇಳಿಯುವುದರೊಳಗೆ ಬುಟ್ಟಿ ಬರಿದಾಯಿತು. ಮತ್ತೊಂದು ಬುಟ್ಟಿ ಹಾಕಿದಳು, ಅದಕ್ಕೂ ಬಾಯಿ ಹಾಕಿತು. ಅಷ್ಟರಲ್ಲಿ ಧರೆಪ್ಪ ಬಂದ. ದೊಡ್ಡ ಬಾಗಿಲಿನ ಮೇಲಿನ ಚೌಕಟ್ಟಿಗೆ ಹಣೆ ಜಜ್ಜಿಕೊಂಡ. "ಏ ಧರ್ಯಾ! ಹುಟ್ಟಿದ ಮನಿ ಬಾಗಿಲಾ ಕಾಣಲ್ಲೇನೋ ಕುರುಡ ಖೋಡಿ!" ಸರ್ಜಾನ ಬಾಯಿಂದ ಕಣಿಕೆಯ ತುಂಡು ಕೆಳಗೆ ಬಿತ್ತು. ಕಿವಿ ಹಿಂದಕ್ಕೆ ಹೋದವು, ತಲೆ ನೆಲಕ್ಕೆ ಹೋಯಿತು.

ಅಕ್ಕನಾಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಏನ್ರಿ, ಈ ಎತ್ತಿಗಿ ಧರ್... ನಿಮ್ಮ ಹೆಸರು ಗೊತ್ತದೇನು?"

"ಎತ್ತಿಗಿ ನನ್ನ ಹೆಸರು ಹ್ಯಾಂಗ ಗೊತ್ತಿರ್ತದ?"

"ಮತ್ತ ನೀವು ಬೈಯೂದು ನಿಮಗ ಅಂತ ಅದಕ್ಕ ಹ್ಯಾಂಗ ತಿಳೀಬೇಕು? ಬಾಗಿಲಾಗ ನಿಂತು ಬೈತೀರಿ. ಎದುರಿಗಿ ನಿಂತದ್ದು ಅದ. ಬೈಸ್ಕೊಂಡಾಂವ ನಾನ ಅಂತ ತಿಳಕೊಂಡದ."

ಧರೆಪ್ಪ ಹಣೆ ಒತ್ತಿಕೊಳ್ಳುತ್ತ ಸರ್ಜಾನನ್ನು ನೋಡಿದ. ಗಿರಣಿಯ ಧರೆಪ್ಪ, ಕುಂಭಾರಿಯ ಹಾದಿ, ನೀರು ಮುಟ್ಟದ ನಿನ್ನೆಯ ಸಂಜೆ, ಎಲ್ಲ ಒಮ್ಮೆಲೇ ತಲೆಗೆ ಬಂದವು. "ಅಯ್ಯೋ ಧರ್ಯಾ, ನಿನ್ನ..." ಎಂದು ಬಾಯಿ ತೆರೆದವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ಮೊದಲು ಸುಮ್ಮನಿರುವ ಪ್ರಯತ್ನ ಮಾಡಿದ. ತಪ್ಪಾದಾಗ ಬೈಗುಳ ಗಂಟಲಿಗೆ ಬಂದರೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಮುಖ ಕೆಂಪಗಾಗಿ ಕಣ್ಣು ಹೊರಬಂದವು. ಓಣಿಯವರು ಧರೆಪ್ಪನಿಗೆ ಹಲ್ಲುನೋವು ಎಂದು ಲವಂಗ ಕೊಟ್ಟರು. ಆಮೇಲೆ, ಎತ್ತಿಗೆ ತಿಳಿಯಬಾರದಲ್ಲವೇ ಎಂದು ಮರಾಠಿಯಲ್ಲಿ ಬೈದುಕೊಂಡ. "ಅರೇ ಗಾಢವಾ! ಅಕ್ಕಲಶೂನ್ಯಾ!" ಸರ್ಜಾ ಥರಥರ ನಡುಗಿತು. ಮಂಗಳವೇಢೆಯ ಎತ್ತು, ಅದಕ್ಕೆ ಮರಾಠಿ ಇವನಿಗಿಂತ ಚೆನ್ನಾಗಿ ಬರುತ್ತಿತ್ತು.

"ಇನ್ನೇನ ಮಾಡ್ಲಿ? ಬೈಕೊಳ್ಳದಿದ್ರ ನನಗ ಎದಿ ಕಟ್ಟಿದಂಗ ಆಗ್ತದ" ಎಂದ ಹೆಂಡತಿಗೆ.

"ಸರ್ಜಾ ಎಡವಿದ್ರ ಏನಂತೀರಿ?"

"ಹೋಗ್ಲಿ ಬಿಡು ಮಗನ ಅಂತೀನಿ."

"ಅದನ್ನ ಅನ್ಕೋರಿ. ಮಗನ ಅನ್ನೂ ಕಡೀಗಿ ನಿಮ್ಮ ಹೆಸರ ಹಾಕ್ಕೋರಿ."

"ಯಾವ ಹೆಸರು? ನೀನೊಮ್ಮಿ ಹೇಳಿ ತೋರ್ಸು."

"ಹೋಗ್ರಿ ಆಚೀಕ" ಎಂದು ಅವಳು ಸೆರಗು ಬಾಯಿಗೆ ಹಿಡಿದಳು.

ಧರೆಪ್ಪನಿಗೆ ನಗು ಬಂತು, ಅದರ ಹಿಂದೆಯೇ ಅಂಜಿಕೆಯೂ ಬಂತು. "ನಾ ಬೈಕೊಳ್ಳೂದು ಬಿಟ್ರ ಸೋಮಾರಿ ಆಗ್ತೀನೇನೋ. ಶಾಂತಲಿಂಗಪ್ಪನೂ ಅದನ್ನ ಅಂತಾನ. ಬೈಗಳಿಲ್ಲದ ಮನಷಾ ಕೆಡ್ತಾನಂತ."

"ಮೋತ್ಯಾನ್ನ ಹುಟ್ಟಿದಾಗಿಂದ ನೀವು ಒಂದ ಮಾತ ಬೈದಿಲ್ಲ. ಸೋಮಾರಿ ಆಗ್ಯಾದೇನು?"

ಮೋತ್ಯಾ ತನ್ನ ಹೆಸರು ಬಂತೆಂದು ತಲೆ ಎತ್ತಿ ನೋಡಿತು. ಅಷ್ಟು ದುಡಿದ ಎತ್ತು ವಾಗದರಿಯಲ್ಲಿ ಇನ್ನೊಂದಿರಲಿಲ್ಲ.

ಕಲಿಯುವುದು ಸುಲಭವಾಗಲಿಲ್ಲ. ಮೊದಮೊದಲು, "ಹೋಗ್ಲಿ ಬಿಡು ಧರೆಪ್ಪಾ" ಎನ್ನುವಾಗ ಪರರ ಹೆಂಡತಿಯನ್ನು ಮಾತಾಡಿಸಿದಷ್ಟು ನಾಚಿಕೆಯಾಗುತ್ತಿತ್ತು. ಹಲ್ಲು ಕಚ್ಚಿ ಅನ್ನುತ್ತಿದ್ದ. ಸರ್ಜಾ ಕಿವಿ ಮಡಚುತ್ತಿತ್ತು. ಅದಕ್ಕೆ ಶಬ್ದ ಬೇಕಾಗಿರಲಿಲ್ಲ, ದನಿ ಬೇಕಾಗಿತ್ತು. ಒಳಗೊಂದು ಹೊರಗೊಂದು ಇಟ್ಟುಕೊಂಡು ಸಾಹುಕಾರನನ್ನು ನಂಬಿಸಬಹುದು, ಎತ್ತನ್ನು ನಂಬಿಸಲಾಗದು. ಆದ್ದರಿಂದ ಧರೆಪ್ಪ ನಿಜವಾಗಿಯೇ ಮೆತ್ತಗಾಗಬೇಕಾಯಿತು. ಒಂದು ಬೆಳಿಗ್ಗೆ ಹಾಲಿನ ತಂಬಿಗೆ ಉರುಳಿಸಿದಾಗ, ತನ್ನ ಎದೆಯನ್ನೇ ಗಂಗೆದೊಗಲಿನಂತೆ ಸವರಿಕೊಂಡು, "ಹೋಗ್ಲಿ ಬಿಡೋ ಧರೆಪ್ಪಾ, ಕತ್ತಲಾಗಿತ್ತು, ನಿನಗ ಕಂಡಿಲ್ಲ" ಎಂದ. ಯಾಕೋ ಕಣ್ಣು ತುಂಬಿ ಬಂದವು. ಆ ದನಿಯಲ್ಲಿ ಅವನನ್ನು ಅವನ ಅಪ್ಪ ಎಂದೂ ಕರೆದಿರಲಿಲ್ಲ. ಕೆಳಗೆ ಸರ್ಜಾ ಕಣಿಕೆ ಅಗಿಯುತ್ತಲೇ ಇತ್ತು.

ಊರಲ್ಲಿ ಸುದ್ದಿ ಹಬ್ಬಿತು. ಧರೆಪ್ಪ ತನಗೆ ತಾನೇ ಲಾಲಿ ಹಾಡಿಕೊಳ್ಳುತ್ತಾನೆ ಎಂದರು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಾನೆ, ಇನ್ನು ತೊಟ್ಟಿಲು ಕಟ್ಟುವುದೊಂದೇ ಬಾಕಿ ಎಂದರು. ಶಾಂತಲಿಂಗಪ್ಪನಂತೂ ಬಹಳ ನೊಂದುಕೊಂಡ. "ಬಿತ್ತಿಗಿ ಬರ್ಲಿ. ಆಗ ನೋಡೋಣ ಈ ಲಾಲಿ ಎಷ್ಟೊತ್ತು ನಡೀತದ" ಎಂದ.

ಹಸ್ತದ ಮಳೆ ಬಿತ್ತು. ಎರೆಮಣ್ಣು ಕಾಲಿಗೆ ಅಂಟುವುದು ಬಿಟ್ಟು ಹದಕ್ಕೆ ಬಂದ ದಿನ ಧರೆಪ್ಪ ಮೋತ್ಯಾ ಸರ್ಜಾರಿಗೆ ಕೂರಿಗೆ ಹೂಡಿದ. ಮೈ ಪೂರಾ ತುಂಬಿರದಿದ್ದರೂ ಸರ್ಜಾ ಕೊರಳು ಕೊಟ್ಟಿತು. ಹಿಂದಿನಿಂದ ಅಕ್ಕನಾಗಮ್ಮ ಉಡಿಯಲ್ಲಿ ಬಿಳಿಜೋಳ ಕಟ್ಟಿಕೊಂಡು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಡೆದಳು. ಬಟ್ಟಲಿನಿಂದ ಕಾಳು ತಾಳುಗಳೆಂಬ ಮೂರು ಕೊಳವೆಗಳಲ್ಲಿ ಇಳಿದು ಮೂರು ಸಾಲಾಗಿ ನೆಲ ಸೇರುತ್ತದೆ. ಹೊರಳುವಲ್ಲೆಲ್ಲ ಕೂರಿಗೆ ಎತ್ತಿ, ತಾಳಿನ ಬಾಯಿಗೆ ಮಣ್ಣು ಕಟ್ಟಿದೆಯೇ ಎಂದು ನೋಡುವುದು ಒಕ್ಕಲಿಗನ ಧರ್ಮ. ಮಣ್ಣು ಕಟ್ಟಿದರೆ ಕಾಳು ಬೀಳುವುದಿಲ್ಲ. ಬಿದ್ದಿಲ್ಲ ಎಂಬುದು ಅಂದು ಯಾರಿಗೂ ಕಾಣುವುದಿಲ್ಲ, ಮೊಳಕೆ ಬಂದಾಗ ನಡುಹೊಲದ ಬೋಳು ಸಾಲು ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಒಕ್ಕಲಿಗನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಧರೆಪ್ಪ ಸರ್ಜಾನ ನಡಿಗೆ ನೋಡುವ ಸಂಭ್ರಮದಲ್ಲಿ ಹೊರಳುವಾಗ ತಾಳು ನೋಡಲಿಲ್ಲ.

"ನಿಂದರ್ರಿ" ಎಂದಳು ಅಕ್ಕನಾಗಮ್ಮ. "ನಡುವಿನ ತಾಳಿನಾಗ ಕಾಳ ಇಳಿವಲ್ವು."

ಕೂರಿಗೆ ಎತ್ತಿ ನೋಡಿದರೆ ಬಾಯಿ ತುಂಬ ಹಸಿಮಣ್ಣು. ಎಲ್ಲಿಂದ ಕಟ್ಟಿತ್ತೋ ದೇವರಿಗೇ ಗೊತ್ತು. ಧರೆಪ್ಪ ಹಿಂದಕ್ಕೆ ಓಡಿ ಬೆರಳಿನಿಂದ ಸಾಲು ಕೆದರಿದ, ಕಾಳಿಲ್ಲ. ಇನ್ನೂ ಹಿಂದೆ ಹೋಗಿ ಕೆದರಿದ, ಅಲ್ಲೂ ಇಲ್ಲ. ಬಿಸಿಲು ಏರುತ್ತಿತ್ತು, ಹದ ಆರುತ್ತಿತ್ತು. ಬದುವಿನ ಮೇಲೆ ಶಾಂತಲಿಂಗಪ್ಪ ಬಂದು, ಟವೆಲ್ಲು ಹಾಸಿ, ಎಲೆ ಅಡಿಕೆ ಸಂಚಿ ಬಿಚ್ಚಿ ಕುಳಿತಾಗಿತ್ತು.

ಧರೆಪ್ಪ ಎದ್ದು ನಿಂತ. ಅಪ್ಪ ಕಲಿಸಿದ ಬೈಗುಳಗಳೆಲ್ಲ ಸಂತೆಯ ಬಾಗಿಲು ತೆರೆದ ಹಾಗೆ ನಾಲಿಗೆಗೆ ನುಗ್ಗಿ ಬಂದವು. ಬಾಯಿ ತೆರೆದ. ಅಕ್ಕನಾಗಮ್ಮ ಉಡಿ ಬಿಗಿಹಿಡಿದು ನೆಲ ನೋಡಿದಳು. ಸರ್ಜಾನ ಒಂದು ಕಿವಿ ಮೆಲ್ಲಗೆ ಹಿಂದಕ್ಕೆ ಮಡಚಿತು. ಈಗ ಬೈದರೆ ಈ ಎತ್ತು ಇಲ್ಲೇ ನಿಲ್ಲುತ್ತದೆ, ಬಿತ್ತನೆಯೂ ಇಲ್ಲೇ ನಿಲ್ಲುತ್ತದೆ, ಇದು ಮತ್ತೆ ಹುಲ್ಲು ಮುಟ್ಟಲಿಕ್ಕಿಲ್ಲ.

"ಹೋಗ್ಲಿ ಬಿಡು ಧರೆಪ್ಪಾ" ಎಂದ. "ಎತ್ತಿನ ಮ್ಯಾಲಿನ ಮಾಯಾದಾಗ ನೋಡಿಲ್ಲ. ಮಣ್ಣ ಹಸಿ ಇತ್ತು, ಕಟ್ಕೊಂಡದ. ತಪ್ಪ ಮಾಡದಾಂವ ಯಾರ್ ಅದಾನ? ನೀರ ಕುಡಿ. ಮತ್ತ ನಡಿಯೋಣ."

ಮಡಿಕೆ ಎತ್ತಿ ನೀರು ಕುಡಿದ. ಕಡ್ಡಿಯಿಂದ ತಾಳಿನ ಮಣ್ಣು ಕೆತ್ತಿದ. ಸರ್ಜಾನ ಕಿವಿ ಮುಂದಕ್ಕೆ ಬಂತು. ಬೈಯುವುದಕ್ಕೆ ಹೋಗುತ್ತಿದ್ದ ಹೊತ್ತೆಲ್ಲ ಕೈಯಲ್ಲಿ ಉಳಿದಿತ್ತು. ಬೋಳು ಸಾಲನ್ನು ಕುಡುಗೋಲಿನ ಮೊನೆಯಿಂದ ಕೆದರುತ್ತ ಧರೆಪ್ಪ ಮುಂದೆ ಹೋದ, ಅಕ್ಕನಾಗಮ್ಮ ಕಾಳು ಬಿಡುತ್ತ ಹಿಂದೆ ಬಂದಳು. ಬದುವಿನ ಮೇಲಿದ್ದ ಶಾಂತಲಿಂಗಪ್ಪ ಬಹಳ ಹೊತ್ತು ಕಾದ. ನಾಟಕ ಶುರುವಾಗುವ ಲಕ್ಷಣ ಕಾಣಲಿಲ್ಲ. ಸುಮ್ಮನೆ ಕೂತು ಬೇಸರವಾಗಿ ಎದ್ದು ಬಂದು, ಅಕ್ಕನಾಗಮ್ಮನ ಹಿಂದೆ ಕಾಲಿನಿಂದ ಮಣ್ಣು ಮುಚ್ಚುತ್ತ ನಡೆದ. ಬಿಟ್ಟಿ ನಾಟಕ ನೋಡಲು ಬಂದವನು ಬಿಟ್ಟಿ ಕೂಲಿ ಮಾಡಿ ಹೋದ.

ಬಿತ್ತನೆ ಮುಗಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಮಧ್ಯಾಹ್ನದ ಬುತ್ತಿ ಆಗ ಬಿಚ್ಚಿದರು. ಬೇವಿನ ಮರದ ಕೆಳಗೆ ಸರ್ಜಾ ಮೋತ್ಯಾ ಕಣಿಕೆ ಅಗಿಯುತ್ತಿದ್ದವು. ಅಕ್ಕನಾಗಮ್ಮ ಗಂಡನಿಗೆ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕೊಟ್ಟು ತಾನೂ ಕುಳಿತಳು. ಧರೆಪ್ಪ ಸಂತೋಷದಿಂದ ಸರ್ಜಾನ ಬಾಯನ್ನೇ ನೋಡುತ್ತ ಉಣ್ಣುತ್ತಿದ್ದ. ರೊಟ್ಟಿಗೆಂದು ಬುಟ್ಟಿಗೆ ಕೈ ಹಾಕಿದರೆ ಬುಟ್ಟಿ ಹಗುರವಾಗಿತ್ತು. ತಿರುಗಿ ನೋಡಿದ. ಹೆಂಡತಿ ಒಂದು ರೊಟ್ಟಿ ಪೂರಾ ಮುಗಿಸಿ, ಎರಡನೆಯದನ್ನೂ ಮುಗಿಸಿ, ಮೂರನೆಯದನ್ನು ಮುರಿಯುತ್ತಿದ್ದಳು.

ಧರೆಪ್ಪನ ಕೈ ಬುಟ್ಟಿಯಲ್ಲೇ ನಿಂತಿತು.

"ಏನ, ಇವತ್ತ ಇಷ್ಟ ಹಸಿವಾಗ್ಯಾದೇನು ನಿನಗ?"

ಅಕ್ಕನಾಗಮ್ಮ ತಲೆ ಎತ್ತದೆ ರೊಟ್ಟಿಗೆ ಚಟ್ನಿ ಹಚ್ಚಿಕೊಂಡಳು.

"ಹಸಿವು ಲಗ್ನ ಆಗಿ ಬಂದಾಗಿಂದ ಅದರಿ" ಎಂದಳು.